ವರವಿಲ್ಲದ ಹೊಂಗೆ

ಮಳೆಗಾಲದ ಮೊದಲ ನೆರೆ ಬರುವ ಮುನ್ನ, ಹೊಟ್ಟೆಯಡಿ ಮರಿಗಳನ್ನು ಹೊತ್ತ ಏಡಿಯೊಂದು ಹೊಳೆದಂಡೆಯ ಜೌಗುನೆಲದಲ್ಲಿ ಭದ್ರವಾದ ನೆಲೆ ಹುಡುಕುತ್ತಿತ್ತು.

“ಆ ಹೊಂಗೆಯ ಬುಡಕ್ಕೆ ಹೋಗು ತಾಯಿ. ಅದಕ್ಕೆ ಋಷಿಯೊಬ್ಬನ ವರವಿದೆ. ನೆರೆಯ ನೀರು ಅದನ್ನು ಮುಟ್ಟುವುದೇ ಇಲ್ಲ,” ಎಂದಿತು ಕೊಕ್ಕರೆ.

“ಆ ಋಷಿಯನ್ನು ನೀನು ಕಂಡಿದ್ದೆಯಾ, ಅಣ್ಣ?”

“ನಮ್ಮಜ್ಜ ಕಂಡಿದ್ದನಂತೆ.”

“ನಿಮ್ಮಜ್ಜನ ಮಾತು ನಂಬಿ ಹತ್ತಿರ ಬಂದ ಏಡಿಗಳು ಏನಾದವೋ!” ಎಂದು ಏಡಿ ದೂರ ಸರಿದು ಮರವನ್ನೇ ವಿಚಾರಿಸಿತು: “ಹೊಂಗೆಯಮ್ಮ, ನಿನಗೆ ವರವಿರುವುದು ನಿಜವೇ?”

“ವರದ ಸಂಗತಿ ನಾನರಿಯೆ ಮಗಳೇ. ನೀರು ನನ್ನ ಸೊಂಟದವರೆಗೂ ಏರುತ್ತದೆ. ಆದರೆ ಹಿಡಿದ ಮಣ್ಣನ್ನು ನಾನು ಸುಲಭಕ್ಕೆ ಬಿಡುವವಳಲ್ಲ.”

ಏಡಿಗೆ ಧೈರ್ಯ ಬಂತು. ಬೇರುಗಳ ನಡುವೆ ಆಳವಾಗಿ ಬಿಲ ತೋಡಿ, ಮರಿಗಳೊಡನೆ ಒಳಸೇರಿತು.

ನೆರೆ ಬಂದು ದಂಡೆಯುದ್ದಕ್ಕೂ ಮಣ್ಣನ್ನು ಕೊಚ್ಚಿಕೊಂಡು ಹೋಯಿತು. ನೀರಿಳಿದಾಗ ಹೊಂಗೆಯ ಬುಡದ ನೆಲ ಮಾತ್ರ ಉಳಿದಿತ್ತು, ಮರಿಗಳೆಲ್ಲ ಕ್ಷೇಮವಾಗಿದ್ದವು.

“ನೋಡಿದೆಯಾ ವರದ ಮಹಿಮೆ!” ಎಂದು ಕೊಕ್ಕರೆ ಕೊಂಬೆಯಿಂದ ಕೂಗಿತು.

ತೊಗಟೆ ಕಿತ್ತುಹೋಗಿ ಬೆತ್ತಲಾಗಿದ್ದ ಬೇರನ್ನು ಏಡಿ ಮೆಲ್ಲಗೆ ಸವರಿತು.

“ವರವಿದ್ದಿದ್ದರೆ ಈ ತಾಯಿಗೆ ಇಷ್ಟು ಗಾಯವೇಕೆ ಆಗುತ್ತಿತ್ತು, ಅಣ್ಣ?”