ಹಗಲುದೀಪದ ಗುಡ್ಡ

ಹುಣಸಿಕಲ್ಲಿನಿಂದ ಬನ್ನಿಹಟ್ಟಿಗೆ ಹೋಗುವ ದಾರಿಯಲ್ಲಿ, ಎರೆಹೊಲಗಳು ಮುಗಿದು ಕಲ್ಲುನೆಲ ಆರಂಭವಾಗುವ ಕಡೆ, ಎಡಕ್ಕೆ ಒಂದು ಬೋಳುಗುಡ್ಡವಿದೆ. ದೊಡ್ಡದೇನಲ್ಲ, ಕುರಿ ಹತ್ತಿದಲ್ಲೆಲ್ಲ ಮನುಷ್ಯನೂ ಹತ್ತಬಹುದು. ಆದರೆ ಸುತ್ತಲಿನ ಬಯಲಿನಲ್ಲಿ ಅಷ್ಟು ಎತ್ತರ ಬೇರೆ ಇಲ್ಲವಾದ್ದರಿಂದ, ನೆತ್ತಿಯ ಮೇಲೆ ನಿಂತವರಿಗೆ ಹೊಳೆಯವರೆಗಿನ ಊರುಗಳೆಲ್ಲ ಕಾಣುತ್ತವೆ. ಹಗಲುದೀಪದ ಗುಡ್ಡ ಎಂಬ ಹೆಸರು ಕೇಳಿದ ಪರಸ್ಥಳದವರು ಮೇಲೆ ಗುಡಿಯಿರಬೇಕು, ದೀಪದ ಕಂಬವಿರಬೇಕು ಎಂದುಕೊಂಡು ಹತ್ತುತ್ತಾರೆ. ಅಲ್ಲಿ ಗುಡಿಯಿಲ್ಲ, ಕಂಬವಿಲ್ಲ. ಯಾವ ಅರಸನೂ ಅಲ್ಲಿ ದೀಪಕ್ಕೆಂದು ಭೂಮಿ ಬಿಟ್ಟಿಲ್ಲ. ಹೆಸರು ಬಂದದ್ದು ಕುರುಬರ ಒಬ್ಬ ಹೆಣ್ಣುಮಗಳ ಹಟದಿಂದ ಎನ್ನುತ್ತಾರೆ ಹಟ್ಟಿಯ ಹಿರಿಯರು.

ಹಿಂದೆ ಒಮ್ಮೆ, ಈ ಸೀಮೆಗೆ ಮೊದಲ ಸಲ ಮೋಜಣಿ ಬಂದ ಕಾಲ. ಅಲ್ಲಿಯವರೆಗೆ ಊರಿನ ಗಡಿಯೆಂದರೆ ಒಂದು ಹಳ್ಳ, ಒಂದು ಬನ್ನಿಗಿಡ, ಇಲ್ಲವೇ ಒಂದು ಕರಿಕಲ್ಲು. ಜಗಳವಾದರೆ ಹಿರಿಯರು ನಿಂತು ಕೈ ತೋರಿಸಿದ್ದೇ ಸರಹದ್ದು. ಇನ್ನು ಮುಂದೆ ನಕಾಶೆಯ ಮೇಲಿನ ಗೆರೆಯೇ ಸರಹದ್ದು ಎಂದು ಸರಕಾರ ಸಾರಿತು. ಗುರುನಾಥರಾಯರೆಂಬ ಮೋಜಣಿದಾರರು ಸರಪಳಿ ಹಿಡಿಯುವ ಆಳುಗಳೊಂದಿಗೆ ಬಂದು ಗುಡ್ಡದ ಬುಡದಲ್ಲಿ ಡೇರೆ ಹೊಡೆದರು. ನೆತ್ತಿಯ ಬಂಡೆಯ ಮೇಲೆ ಮೂರು ಕಾಲಿನ ದುರ್ಬೀನು ನಿಲ್ಲಿಸಿ, ದೂರದ ಗುಡ್ಡಗಳಿಗೆ ಗುರಿಯಿಟ್ಟು ಕೋನ ಅಳೆದು, ಒಂದೊಂದೇ ಊರನ್ನು ಕಾಗದಕ್ಕೆ ಇಳಿಸತೊಡಗಿದರು. ಮನೆಗಳಿದ್ದಲ್ಲಿ ಚೌಕದ ಗುರುತು, ಕೆರೆಯಿದ್ದಲ್ಲಿ ನೀಲಿ, ಬಂಡಿದಾರಿಗೆ ಜೋಡಿಗೆರೆ. ಬನ್ನಿಹಟ್ಟಿಯ ಕಡೆ ದುರ್ಬೀನು ತಿರುಗಿಸಿದಾಗ ಗುಡಿಸಲುಗಳು ಕಂಡವು, ಹೊಗೆ ಕಾಣಲಿಲ್ಲ. ಬಾಗಿಲುಗಳಿಗೆ ಜಾಲಿಮುಳ್ಳು ಬಡಿದಿತ್ತು. ರಾಯರು ಜೊತೆಗಿದ್ದ ಹುಣಸಿಕಲ್ಲಿನ ದೊಡ್ಡನಗೌಡರನ್ನು ಕೇಳಿದರು. ಗೌಡರು, “ಅದು ಬೇಚರಾಕ್ ರೀ,” ಎಂದರು. ಬೇಚರಾಕ್ ಎಂದರೆ ದಫ್ತರದ ಮಾತಿನಲ್ಲಿ ದೀಪ ಹಚ್ಚುವವರಿಲ್ಲದ ಊರು, ಪಾಳುಬಿದ್ದದ್ದು. ನಕಾಶೆಯಲ್ಲಿ ಹಾಗೆಂದು ಬಿದ್ದರೆ ಅದರ ಹುಲ್ಲುಗಾವಲು, ಅದರ ಒರತೆ ಎಲ್ಲವೂ ಪಕ್ಕದ ಊರಿಗೆ ಸೇರುತ್ತಿದ್ದವು. ಪಕ್ಕದ ಊರು ಗೌಡರದೇ.

ಹಟ್ಟಿ ಪಾಳುಬಿದ್ದಿರಲಿಲ್ಲ. ಬೇಸಿಗೆಗೆ ಕುರಿ ಹೊಡೆದುಕೊಂಡು ಹೊಳೆಸಾಲಿಗೆ ಹೋಗುವುದು, ಮೊದಲ ಮಳೆಗೆ ಮರಳುವುದು ಅಲ್ಲಿಯವರ ತಲೆಮಾರುಗಳ ನಡೆ. ಆ ವರ್ಷ ಹಟ್ಟಿಯಲ್ಲೇ ಉಳಿದವರು ಮಾಳವ್ವ ಮತ್ತು ಆಕೆಯ ಅತ್ತೆ ಕೆಂಚವ್ವ. ಮುದುಕಿಯ ಕಾಲುಗಳ ಸ್ವಾಧೀನ ತಪ್ಪಿತ್ತು. ಅಷ್ಟು ದೂರ ಹೊತ್ತೊಯ್ಯುವುದು ಆಗದ ಮಾತೆಂದು ಸೊಸೆ ಉಣ್ಣೆ ನೂಲುತ್ತ ಜೊತೆಗೆ ಉಳಿದಿದ್ದಳು. ಒಂದು ಮಧ್ಯಾಹ್ನ ಸರಪಳಿಯ ಆಳೊಬ್ಬ ನೀರು ಕೇಳಿ ಬಂದವನು ಆಕೆಯನ್ನು ಕಂಡು ಬೆಪ್ಪಾದ. “ನಿಮ್ಮೂರು ಬೇಚರಾಕ್ ಅಂತ ಬರಕೊಂಡಾರಲ್ಲವ್ವಾ,” ಎಂದ. ಮಾಳವ್ವ ಅವನು ನೀರು ಕುಡಿದು ಮುಗಿಸುವವರೆಗೆ ಕಾದಳು. ಆಮೇಲೆ ತಂಬಿಗೆ ಒಳಗಿಟ್ಟು, ಕಂಬಳಿ ಹೆಗಲಿಗೆ ಹಾಕಿಕೊಂಡು, ನೆಟ್ಟಗೆ ಡೇರೆಗೆ ಹೋದಳು.

ರಾಯರು ಕೆಟ್ಟವರಲ್ಲ, ನಿಯಮದವರು. “ಒಂದು ಮನೆ ಊರಾಗುವುದಿಲ್ಲ ತಾಯಿ,” ಎಂದರು. “ಎದ್ದು ಹೋದವರನ್ನು ನೆಲೆ ನಿಂತವರೆಂದು ಹೇಗೆ ಬರೆಯಲಿ? ನಾನು ಬರೆಯುವುದು ಕಣ್ಣಿಗೆ ಕಂಡದ್ದನ್ನು.”

“ಹೋದವರು ತಿರುಗಿ ಬರಾಕ ಹೋಗ್ಯಾರ್ರೀ,” ಎಂದಳು ಮಾಳವ್ವ. “ಬಿಟ್ಟು ಹೋಗೋರು ಬಾಗಿಲಿಗೆ ಮುಳ್ಳು ಬಡೀತಾರೇನು?”

ಅಲ್ಲೇ ಕುಳಿತಿದ್ದ ದೊಡ್ಡನಗೌಡರು ನಕ್ಕರು. “ದೀಪ ಹಚ್ಚವ್ವಾ, ಗುಡ್ಡದ ಮ್ಯಾಲಿಂದ ಸಾಹೇಬ್ರಿಗೆ ಕಾಣೂ ಹಂಗ. ಹಗಲೊತ್ತಿನಾಗ, ಮತ್ತ.”

ಆಕೆ ಕಂಬಳಿ ಕೊಡವಿಕೊಂಡು ಹಟ್ಟಿಗೆ ಹೊರಟಳು. ಮರುದಿನ ಬೆಳಿಗ್ಗೆ ರಾಯರು ಗುಡ್ಡ ಹತ್ತಿದಾಗ, ದುರ್ಬೀನು ನಿಲ್ಲಿಸುವ ಬಂಡೆಯ ಮೇಲೆಯೇ ಒಂದು ಮಣ್ಣಿನ ಹಣತೆ ಉರಿಯುತ್ತಿತ್ತು. ಒಂದು ಬದಿಗೆ ಮಾಳವ್ವ ಕಂಬಳಿ ಹಿಡಿದು ಗಾಳಿ ತಡೆದಿದ್ದಳು; ಇನ್ನೊಂದು ಬದಿಗೆ ಕೆಂಚವ್ವ ಎರಡೂ ಕೈ ಅಡ್ಡವಿಟ್ಟು ಕುಳಿತಿದ್ದಳು. ಸೊಸೆ ಅತ್ತೆಯನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿಸಿದ್ದಳು. ಏಳಿ ಎಂದರೆ ಏಳಲಿಲ್ಲ. ಬಿಸಿಲೇರಿತು. ಕೋನ ಅಳೆಯುವ ಕೆಲಸ ನಿಂತಿತು. ಅದರಾಚೆಯ ದಿನವೂ ಹಾಗೆಯೇ. ರಾಯರು ಆಳುಗಳಿಗೆ ಹಣತೆ ಎತ್ತಿರೆಂದು ಹೇಳಿದರು. ಉರಿಯುವ ದೀಪಕ್ಕೆ ಕೈ ಹಚ್ಚಲು ಯಾರೂ ಮುಂದಾಗಲಿಲ್ಲ, ತಲೆ ತಗ್ಗಿಸಿ ನಿಂತರು. ಮುದುಕಿ ಮಾತ್ರ ಹೊಳೆಸಾಲಿನತ್ತ ಮುಖ ಮಾಡಿ ತನ್ನಷ್ಟಕ್ಕೆ ಹಟ್ಟಿಯ ಒಂದೊಂದೇ ಮನೆಯವರ ಹೆಸರು ಹೇಳುತ್ತಿದ್ದಳು, ಊಟಕ್ಕೆ ಕರೆಯುವವಳ ಹಾಗೆ.

ಕಡೆಗೆ ಗೌಡರಿಗೆ ತಾಳ್ಮೆ ಮೀರಿತು. ಕುಡಿಯಲು ಇಟ್ಟಿದ್ದ ಕೊಡವನ್ನು ಎತ್ತಿ ಹಣತೆಯ ಮೇಲೆ ಸುರಿದೇಬಿಟ್ಟರು. ಬತ್ತಿ ಚುಯ್ಯೆಂದಿತು, ಎಣ್ಣೆ ಬಂಡೆಯ ತುಂಬ ಹರಿಯಿತು. ಮಾಳವ್ವ ರಾಯರ ಕಡೆ ತಿರುಗಿದಳು. ಆಕೆ ಗೌಡರ ಕಡೆ ನೋಡಲೂ ಇಲ್ಲ.

“ನೋಡಿದ್ರಲ್ಲ ಸಾಹೇಬ್ರ,” ಎಂದಳು. “ಇಲ್ಲದ ದೀಪ ಯಾರೂ ನಂದಸೂದಿಲ್ಲ. ಕಂಡದ್ದು ಬರೀತೀನಿ ಅಂದಿದ್ರಿ. ಬರೀರಿ.”

ಹೀಗೆಂದವಳೇ ಮಡಿಲಿನಿಂದ ಚಕಮಕಿ ತೆಗೆದು, ಸೆರಗಿನ ಅಂಚು ಹರಿದು ಹೊಸ ಬತ್ತಿ ಹೊಸೆದು, ಬಂಡೆಯ ಕುಳಿಯಲ್ಲಿ ನಿಂತಿದ್ದ ಎಣ್ಣೆಯನ್ನು ನೀರಿನ ಮೇಲಿಂದ ಬಳಿದುಕೊಂಡು ಮತ್ತೆ ಹಚ್ಚಲು ಕುಳಿತಳು. ಬತ್ತಿ ಬಹಳ ಹೊತ್ತು ಹತ್ತಲಿಲ್ಲ. ಕಿಡಿ ತಾಗಿ ಬತ್ತಿ ಹೊತ್ತಿಕೊಂಡಾಗ ರಾಯರು ಮೊಣಕಾಲ ಮೇಲೆ ಕಾಗದ ಹಾಸಿ, ಚಾಕುವಿನ ತುದಿಯಿಂದ ಒಂದು ಪದ ಕೆರೆದು ತೆಗೆದರು. ಆ ಜಾಗದಲ್ಲಿ ಚೌಕಗಳನ್ನು ಬರೆದರು. ಹಟ್ಟಿಯ ಸುತ್ತ ಬೇರೆ ಸರಹದ್ದು ಎಳೆದರು. ಗುಡ್ಡಕ್ಕೆ ಏನು ಹೆಸರೆಂದು ಕೇಳಿದಾಗ ಸರಪಳಿಯ ಆಳುಗಳೇ ಹಗಲುದೀಪದ ಗುಡ್ಡ ಎಂದರು. ರಾಯರಿಗೆ ನಾಚಿಕೆಯಾಗಿತ್ತು ಎಂದು ಕೆಲವರು ಹೇಳಿದರೆ, ಮಳೆಗಾಲ ಹತ್ತಿರ ಬಂದು ಕೆಲಸ ಕೆಡುತ್ತಿತ್ತು, ಅಷ್ಟೇ ಎನ್ನುವವರೂ ಇದ್ದಾರೆ. ಹೇಗಿದ್ದರೂ ಬರೆದದ್ದಂತೂ ನಿಂತಿತು.

ಆ ಬಿಸಿಲು ಕೆಂಚವ್ವನನ್ನು ಬಿಡಲಿಲ್ಲ. ಹಿಂಡುಗಳು ಮರಳುವ ಮುಂಚೆಯೇ ಆಕೆ ತೀರಿಕೊಂಡಳು. ಹುಣಸಿಕಲ್ಲಿನಿಂದ ಹೆಗಲು ಕೊಡಲು ಯಾರೂ ಬರಲಿಲ್ಲ. ಮಾಳವ್ವ ಒಬ್ಬಳೇ ಗುದ್ದಲಿ ಹಿಡಿದದ್ದನ್ನು ಕಂಡು ಡೇರೆಯ ಆಳುಗಳು ಬಂದು ಕುಣಿ ತೋಡಿದರು. ಹೊಸದಾಗಿ ನೆಟ್ಟ ಗಡಿಕಲ್ಲಿನ ಒಳಗಡೆ, ಹಟ್ಟಿಯ ನೆಲದಲ್ಲಿ.

ಈಗಲೂ ಬೇಸಿಗೆಯಲ್ಲಿ ಹಟ್ಟಿಯವರು ಕುರಿಗಳೊಂದಿಗೆ ಹೊರಟುಹೋದ ಮೇಲೆ, ಊರಲ್ಲಿ ಉಳಿದವರು ಯಾರಾದರೂ ನಡುಮಧ್ಯಾಹ್ನ ಗುಡ್ಡ ಹತ್ತಿ ಒಂದು ಹಣತೆ ಹಚ್ಚಿಟ್ಟು ಬರುತ್ತಾರೆ. ಬಿಸಿಲಿನಲ್ಲಿ ಅದರ ಉರಿ ಕಾಣುವುದಿಲ್ಲ. ಹತ್ತಿರ ಕೈಯೊಡ್ಡಿದರೆ ಬಿಸಿ ತಾಗುತ್ತದೆ. ತಲೆಮಾರುಗಳ ಕುಸುಬಿ ಎಣ್ಣೆ ಕುಡಿದು ಬಂಡೆ ಕಪ್ಪಗೆ, ನುಣ್ಣಗೆ ಆಗಿದೆ. ಅಳತೆಯವರು ಈಗಲೂ ಬರುತ್ತಾರೆ, ಹೊಸ ಹೊಸ ಯಂತ್ರ ತರುತ್ತಾರೆ. ಆ ಬಂಡೆಯ ಮೇಲೆ ಯಂತ್ರದ ಕಾಲು ಜಾರುತ್ತದೆ, ನಿಲ್ಲುವುದಿಲ್ಲ. ಅವರು ಪಕ್ಕಕ್ಕೆ ಸರಿದು ನಿಲ್ಲಿಸಿಕೊಳ್ಳುತ್ತಾರೆ.