ಮೂಸುವ ಪಂಡಿತ, ಬರೆಯುವ ಬೊಂಬೆ

“ಮತ್ತೆ ಬಂದ್ರಾ? ಈಗ ತಾನೇ ಕೂಸು ಕಣ್ಣು ಮುಚ್ಚಿತ್ತು. ಈ ರಾಜ್ಯದಲ್ಲಿ ಒಂದು ಕೂಸು ಮಲಗಬೇಕಾದರೂ ದೊರೆಯ ಅಪ್ಪಣೆ ಬೇಕೇನು?”

ಹೊಂಬಳಿಪುರದ ಆಸ್ಥಾನದಲ್ಲಿ ದೇಮವ್ವನ ನಾಲಿಗೆಗೆ ಹೆದರದವರಿರಲಿಲ್ಲ. ದೊರೆಗೆ ಮಾತ್ರ ಆ ನಾಲಿಗೆಯಿಲ್ಲದಿದ್ದರೆ ಸಭೆಯೇ ಸಪ್ಪೆ.

ಸೇವಕ ತಲೆ ತಗ್ಗಿಸಿದ. “ಅವ್ವಾ, ವಿದ್ಯಾಪೀಠದ ವಿದ್ಯಾರ್ಥಿಗಳನ್ನೆಲ್ಲ ಇವತ್ತೇ ಓಡಿಸ್ತಾರಂತೆ. ನಿಮ್ಮ ಯಜಮಾನರೂ ಅದರಲ್ಲಿ ಒಬ್ಬರು.”

ದೇಮವ್ವ ಕೂಸನ್ನು ಹೆಗಲಿಗೇರಿಸಿಕೊಂಡಳು. ಗಂಡ ಸೋವಯ್ಯ ಓದು ಮುಗಿಸಿದರೆ ಉಪಾಧ್ಯಾಯ. ಮುಗಿಸದಿದ್ದರೆ ಮಾವನ ಮನೆಯ ಎಮ್ಮೆ ಕಾಯಬೇಕು. ಎಮ್ಮೆಗಳ ಗತಿ ನೆನೆದು ಅವಳು ಬೇಗ ಬೇಗ ನಡೆದಳು.

ನಡೆದದ್ದಿಷ್ಟು. ದೀಪಾವಳಿಗೆ ಒಬ್ಬ ವ್ಯಾಪಾರಿ ಬರೆಯುವ ಬೊಂಬೆಯೊಂದನ್ನು ತಂದು ಪೀಠಕ್ಕೆ ಕೊಟ್ಟಿದ್ದ. ಪೀಠದ ಗ್ರಂಥಗಳನ್ನೆಲ್ಲ ಅದಕ್ಕೆ ಓದಿಸಿದ್ದರು. ಏನು ಕೇಳಿದರೂ ಸರಸರ ಬರೆದುಕೊಡುತ್ತಿತ್ತು. ‘ಗೊತ್ತಿಲ್ಲ’ ಎಂಬ ಮಾತೊಂದೇ ಅದಕ್ಕೆ ಗೊತ್ತಿರಲಿಲ್ಲ.

ಸಭೆಯಲ್ಲಿ ಪೀಠದ ಹಿರಿಯ ನಾಗದೇವ ಪಂಡಿತ ಜರಿಶಾಲು ಕೊಡವಿ ಗರ್ಜಿಸುತ್ತಿದ್ದ. “ಮಹಾಪ್ರಭು, ಪರೀಕ್ಷೆಯ ಪ್ರಬಂಧವನ್ನು ಒಬ್ಬನೂ ಸ್ವಂತ ಬರೆದಿಲ್ಲ! ಎಲ್ಲ ಬೊಂಬೆಯದು!”

“ಓದಿ ನೋಡಿದಿರಾ?” ದೇಮವ್ವ ಕೇಳಿದಳು.

“ಓದುವುದು ಅಲ್ಪರಿಗೆ, ತಾಯೀ. ನಾನು ಮೂಸಿದರೆ ಸಾಕು. ಬೊಂಬೆಯ ಬರಹ ಮರದ ವಾಸನೆ ಹೊಡೆಯುತ್ತದೆ. ನನ್ನ ಮೂಗು ತಪ್ಪಿದರೆ ಈ ಶಾಲು ನಿಮ್ಮದು.”

“ಹಾಗಾದರೆ ಇದೊಂದನ್ನು ಮೂಸಿ. ಬರುವಾಗ ಅರಮನೆಯ ಓಲೆಪೆಟ್ಟಿಗೆಯಲ್ಲಿ ಸಿಕ್ಕಿತು.” ಸೆರಗಿನಿಂದ ಒಂದು ಓಲೆ ತೆಗೆದು ಕೊಟ್ಟಳು.

ಪಂಡಿತ ಕಣ್ಣು ಮುಚ್ಚಿ ಮೂಸಿದ. ಮುಖ ಕಿವುಚಿದ. “ಥೂ! ಅಪ್ಪಟ ಬೊಂಬೆ! ಇದನ್ನು ಬರೆದವನನ್ನು ಮೊದಲು ಹೊರಹಾಕಿ!”

“ಆಗಲಿ. ಮಹಾಪ್ರಭು, ಕೊನೆಯ ಸಾಲು ಓದಿಸಿ.”

ದೊರೆಯೇ ಓದಿದ. “ಇಲ್ಲಿಗೆ ನಾಗದೇವ ಪಂಡಿತ ರಚಿಸಿದ ಪಟ್ಟಾಭಿಷೇಕದ ಸ್ತುತಿ ಮುಗಿಯಿತು.” ಓದಿ, ಹುಬ್ಬೇರಿಸಿದ. “ಪಂಡಿತರೇ, ನನಗೆ ಪಟ್ಟವಾದಾಗ ಈ ದೇಮವ್ವನೇ ತೊಟ್ಟಿಲಲ್ಲಿದ್ದಳು. ಆಗ ಬೊಂಬೆ ಎಲ್ಲಿತ್ತು?”

“ಅದು... ನನ್ನ ಶೈಲಿಯನ್ನು ಬೊಂಬೆ ಕದ್ದಿದೆ!”

“ಕದಿಯೋದೇನು, ನೀವೇ ಉಣ್ಣಿಸಿದ್ದಲ್ಲವೇ?” ಎಂದಳು ದೇಮವ್ವ. “ನಿಮ್ಮ ಗ್ರಂಥ ಕುಡಿದು ಬೆಳೆದದ್ದು ನಿಮ್ಮ ಹಾಗಲ್ಲದೆ ಪಕ್ಕದ ಮನೆಯವರ ಹಾಗೆ ಬರೆಯುತ್ತದೆಯೇ?”

ಸಭೆ ಗೊಳ್ಳೆಂದು ನಕ್ಕಿತು. ದೊರೆ ಕೇಳಿದ, “ಹಾಗಾದರೆ ಬೊಂಬೆಯನ್ನೇ ಒಡೆಸಲೇ?”

“ಕೈ ಜಜ್ಜಿತೆಂದು ಒನಕೆ ಸುಡುತ್ತಾರೆಯೇ, ಬುದ್ಧಿ? ಇರಲಿ ಅದು. ಪೀಠದಲ್ಲಿ ಒಂದು ಹಳೆಯ ಪದ್ಧತಿಯಿತ್ತು. ಬರೆದವನು ಓಲೆ ಕೆಳಗಿಟ್ಟು, ಕೇಳಿದ್ದಕ್ಕೆಲ್ಲ ಬಾಯಲ್ಲಿ ಉತ್ತರ ಕೊಡಬೇಕು. ಕೇಳೋದಕ್ಕೆ ಓದಿರಬೇಕಾಗುತ್ತದಲ್ಲ, ಅದಕ್ಕೇ ಪಂಡಿತರು ನಿಲ್ಲಿಸಿಬಿಟ್ಟರು. ಮತ್ತೆ ಶುರುಮಾಡಿಸಿ. ಎಷ್ಟು ತನ್ನದು, ಎಷ್ಟು ಬೇರೆಯವರದು ಅಂತ ಮೊದಲೇ ಹೇಳಲಿ. ಉತ್ತರ ಬಾರದಿದ್ದರೆ ಧಾರಾಳವಾಗಿ ಓಡಿಸಿ. ನಮ್ಮ ಮನೆಯವರನ್ನೇ ಮೊದಲು ನಿಲ್ಲಿಸಿ.”

ವಿದ್ಯಾರ್ಥಿಗಳ ಸಾಲಿನಲ್ಲಿ ಕೂತಿದ್ದ ಸೋವಯ್ಯ ಮುಂದಿನವನ ಬೆನ್ನ ಹಿಂದೆ ಅವಿತ. ಆದರೂ ಎದ್ದು ನಿಂತ. ಉದಾಹರಣೆಗಳು ಬೊಂಬೆಯವು, ವಾದ ತನ್ನದು ಎಂದ. ಕೇಳಿದ್ದಕ್ಕೆ ತಡವರಿಸುತ್ತ ಹೇಳಿದ. ಒಂದು ಉದಾಹರಣೆ ಬೊಂಬೆ ಕಟ್ಟಿದ ಸುಳ್ಳು, ಅದನ್ನು ಬಿಟ್ಟೆ ಎಂದೂ ಹೇಳಿದ. ಎಮ್ಮೆಗಳು ಬದುಕಿದವು.

ದೊರೆ ನಗುತ್ತ ಪಂಡಿತನ ಶಾಲನ್ನು ದೇಮವ್ವನಿಗೆ ಕೊಡಿಸಿದ. ಅವಳು ಅದನ್ನು ಮಡಿಸಿ ಕೂಸಿಗೆ ಹೊದಿಸಿದಳು. ಗದ್ದಲಕ್ಕೆ ಕೂಸು ಎದ್ದು ಕಿರುಚಿತು. ದೇಮವ್ವ ತೂಗುತ್ತ ಜೋಗುಳ ಹಾಡಿದಳು. ಸಭೆಯ ಸದ್ದಡಗಿತು. ಕೂಸಿನ ಅಳುವೂ ಅಡಗಿತು.

ಬರಿ ಹೆಗಲಿನ ಪಂಡಿತ ಮೆಲ್ಲಗೆ ಕೆಮ್ಮಿದ. “ಬಲು ಸೊಗಸಾಗಿದೆ, ತಾಯೀ. ಎಷ್ಟು ನಿಮ್ಮದು, ಎಷ್ಟು ಬೇರೆಯವರದು? ಮೊದಲೇ ಹೇಳಬೇಕಿತ್ತಲ್ಲ?”

ದೇಮವ್ವ ಬಾಯಿ ತೆರೆದಳು. ಅವ್ವನಿಂದ ಬಂದದ್ದು. ಅವ್ವನಿಗೆ ಅಜ್ಜಿಯಿಂದ. ಅಜ್ಜಿಗೆ?

ಆಸ್ಥಾನ ಕಾಯುತ್ತಿತ್ತು. ಆ ನಾಲಿಗೆ ಮೊದಲ ಸಲ ಸುಮ್ಮನಿತ್ತು.