ಗಣಿ ಬೂಟಿನ ಇಡ್ರಿಸ್

ಬಹಳ ಹಿಂದೆ, ಯಾವ ವರ್ಷ ಅಂತ ಮಾತ್ರ ಕೇಳಬೇಡಿ, ಕಡಲಾಚೆಯ ವೇಲ್ಸ್ ದೇಶದಲ್ಲಿ ಪಂಟ್‌ಗ್ವಿನ್ ಅಂತ ಒಂದು ಹಳ್ಳಿ ಇತ್ತಂತೆ. ಗುಡ್ಡದ ಮೇಲೆ ಕುರಿ, ಗುಡ್ಡದ ಹೊಟ್ಟೆಯಲ್ಲಿ ಕಲ್ಲಿದ್ದಲು. ಆ ಹಳ್ಳಿಯ ಇಡ್ರಿಸ್ ಗಣಿಯಲ್ಲಿ ಕಲ್ಲಿದ್ದಲು ಅಗೆಯುತ್ತಿದ್ದ. ಕಾಲ್ಚೆಂಡಿನಲ್ಲಿ ಅವನು ಎಂಥ ಜಾಣನೆಂದರೆ, ಇಂಗ್ಲೆಂಡಿನ ಒಂದು ದೊಡ್ಡ ಕ್ಲಬ್ಬು ಸಂಬಳ ಕೊಟ್ಟು ಕರೆಸಿಕೊಂಡಿತಂತೆ.

ಅವನು ಮಿಡ್‌ಫೀಲ್ಡರ್. ಮೈದಾನದ ನಡುವೆ ನಿಂತು, ಚೆಂಡು ಕಸಿದು, ಮುಂದಿದ್ದವರಿಗೆ ದಾಟಿಸುವವನು. ಹತ್ತು ವರ್ಷ ಆಡಿಯೂ ಒಂದು ಗೋಲೂ ಹೊಡೆಯಲಿಲ್ಲ ಅಂತಾರೆ. ಹೊಡೆದವರೆಲ್ಲ ಅವನು ಕೊಟ್ಟ ಚೆಂಡನ್ನೇ ಹೊಡೆದರು ಅಂತಲೂ ಅಂತಾರೆ. ಅವನ ತಾಯಿ ಗ್ವೆನ್ ಮಾತ್ರ ಈ ಚೆಂಡಿನ ಅನ್ನವನ್ನು ನಂಬಿದವಳಲ್ಲ. ಮಗನ ಹಳೇ ಗಣಿ ಬೂಟುಗಳಿಗೆ ವರ್ಷ ವರ್ಷವೂ ಚರ್ಮ ಒಣಗದಿರಲೆಂದು ಕೊಬ್ಬು ಸವರಿ ಅಟ್ಟದ ಮೇಲಿಡುತ್ತಿದ್ದಳಂತೆ.

ಒಂದು ಶನಿವಾರ ವೇಲ್ಸಿಗೂ ಇಂಗ್ಲೆಂಡಿಗೂ ಪಂದ್ಯ ನಿಗದಿಯಾಯಿತು. ವೇಲ್ಸಿನ ಕೆಂಪು ಅಂಗಿ ತೊಡಲು ಇಡ್ರಿಸನಿಗೆ ಕರೆ ಬಂತು. ಅದೇ ದಿನ ಕ್ಲಬ್ಬಿಗೂ ಪಂದ್ಯ. ಕ್ಲಬ್ಬಿನ ಧಣಿ ಬಿಡುವುದಿಲ್ಲ ಅಂದ. ಹೋದರೆ ಇನ್ನು ಯಾವ ಕ್ಲಬ್ಬಿನ ಬಾಗಿಲೂ ನಿನಗೆ ತೆರೆಯದ ಹಾಗೆ ಮಾಡುತ್ತೇನೆ ಅಂದ. ಅದೂ ಸಾಲದೆ, ಆಟದ ಬೂಟು ಕ್ಲಬ್ಬಿನದು ಅಂತ ಕಪಾಟಿನಲ್ಲಿಟ್ಟು ಬೀಗ ಜಡಿದ. ಬೂಟಿಲ್ಲದವನು ಏನು ಆಡಿಯಾನು ಅಂದುಕೊಂಡ, ಪುಣ್ಯಾತ್ಮ.

ಇಡ್ರಿಸ್ ಗುಡ್ಡ ಹತ್ತಿ ಇಳಿದು ನಡೆದೇ ಊರು ಸೇರಿದ. ಎರಡು ದಿನ ನಡೆದ ಅಂತ ಕೆಲವರು, ಐದು ದಿನ ಅಂತ ಕೆಲವರು. ನಾನು ಕೇಳಿದ್ದು ಮೂರು. ತಾಯಿ ಬೈಯಲಿಲ್ಲ. ಅಟ್ಟದಿಂದ ಗಣಿ ಬೂಟು ಇಳಿಸಿ ಮುಂದಿಟ್ಟಳು.

"ಇದಕ್ಕೆ ಯಾವ ಧಣಿಯ ಬೀಗವೂ ಇಲ್ಲ, ಹಾಕ್ಕೋ. ಆದರೆ ಸೋಮವಾರ ಇದೇ ಬೂಟಲ್ಲಿ ಗಣಿಗೆ ಇಳೀಬೇಕಾಗುತ್ತೆ. ಗೊತ್ತು ತಾನೆ ಮಗಾ?"

"ಗೊತ್ತಮ್ಮಾ," ಅಂದ. ಚೆಂಡು ಬಿಟ್ಟರೆ ಬೇರೆ ಪ್ರಪಂಚವೇ ಇಲ್ಲದವನು. ಆದರೂ ಲೇಸು ಬಿಗಿದ.

ಮೈದಾನದಲ್ಲಿ ಆ ಬೂಟು ನೋಡಿ ಇಂಗ್ಲೆಂಡಿನವರು ಬಿದ್ದು ಬಿದ್ದು ನಕ್ಕರಂತೆ. ಒಂದೊಂದೂ ಒಂದೊಂದು ಬಂಡೆ. ಓಡೋಣವೆಂದರೆ ಕಾಲು ಮೇಲೇಳದು. ನಾನು ಓಡದಿದ್ದರೇನು, ಚೆಂಡು ಓಡಲಿ ಅಂದುಕೊಂಡನಂತೆ ಇಡ್ರಿಸ್. ನಿಂತಲ್ಲೇ ಎಡಕ್ಕೆ ಕೊಟ್ಟ, ಬಲಕ್ಕೆ ಕೊಟ್ಟ, ಮತ್ತೆ ಎಡಕ್ಕೆ ಕೊಟ್ಟ. ನಕ್ಕವರು ಚೆಂಡಿನ ಹಿಂದೆ ಓಡಿ ಓಡಿ ನಾಲಗೆ ಹೊರಹಾಕಿದರು. ಕೊನೇ ಗಳಿಗೆಯಲ್ಲಿ ಅವನು ದಾಟಿಸಿದ ಚೆಂಡು ಗೋಲಾಯಿತು, ವೇಲ್ಸ್ ಗೆದ್ದಿತು. ಗೋಲು ಹೊಡೆದವನ ಹೆಸರು ಇವತ್ತು ಯಾರಿಗೂ ನೆನಪಿಲ್ಲ.

ಧಣಿ ಅಂದ ಹಾಗೇ ಮಾಡಿದ. ಸೋಮವಾರ ಇಡ್ರಿಸ್ ಗಣಿಗೆ ಇಳಿದ. ವರ್ಷ ಕಳೆದ ಮೇಲೆ, ಅವನಿಲ್ಲದೆ ಸೋತು ಸೋತು ಸಾಕಾಗಿ, ಕ್ಷಮೆ ಕೇಳಿದರೆ ವಾಪಸು ಸೇರಿಸಿಕೊಳ್ಳುತ್ತೇನೆ ಅಂತ ಧಣಿ ಹೇಳಿಕಳಿಸಿದನಂತೆ. ಇಡ್ರಿಸ್ ಮತ್ತೆ ಗುಡ್ಡ ದಾಟಿ ಹೋದ. ಕ್ಲಬ್ಬಿನ ಬಿಳಿ ಬಾಗಿಲಿಗೆ ಕೆಸರು ಮೆತ್ತಿದ ಚೆಂಡನ್ನು ಒಂದೇ ಸಲ ಒದ್ದ. ಅದೇ ಉತ್ತರ. ಗುಡ್ಡ ಹತ್ತಿ ಊರಿಗೆ ಹಿಂದಿರುಗಿದ.

ಈಗಲೂ ವರ್ಷಕ್ಕೊಮ್ಮೆ ಪಂಟ್‌ಗ್ವಿನ್ನಿನವರು ಚೆಂಡು ದಾಟಿಸಿಕೊಳ್ಳುತ್ತ ಗುಡ್ಡ ದಾಟಿ ಆ ಕ್ಲಬ್ಬಿನ ಬಾಗಿಲವರೆಗೂ ಹೋಗುತ್ತಾರಂತೆ. ಮುದುಕಿಯರೂ ಒದೆಯಬೇಕು, ಯಾರೂ ಚೆಂಡನ್ನು ತಮ್ಮ ಹತ್ತಿರ ಇಟ್ಟುಕೊಳ್ಳುವಂತಿಲ್ಲ. ಕ್ಲಬ್ಬಿನವರು ಹಿಂದಿನ ದಿನವೇ ಬಾಗಿಲು ತೊಳೆದು ಹೊಸದಾಗಿ ಬಣ್ಣ ಬಳಿಸುತ್ತಾರೆ. ಮಾರನೇ ದಿನ ಸಂಜೆಯೊಳಗೆ ಅದರ ಮೇಲೆ ದುಂಡನೆಯ ಕೆಸರಿನ ಗುರುತು ಇದ್ದೇ ಇರುತ್ತದೆ.